ಕಾವಲಿಗೆ ಬೇಲಿ ಹಾಕುವ ಮೊದಲು ಅದರ ಮಣ್ಣನ್ನು ಅಳೆಯಬೇಕು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮೂರ ಗ್ರಾಮಸಭೆಯಲ್ಲಿ ಊರ ಮೂಡಣಕ್ಕಿರುವ ಗೋಮಾಳಕ್ಕೆ ತಂತಿ ಬೇಲಿ ಹಾಕಿ, ಗುಂಡಿ ತೋಡಿ, ಸಸಿ ನೆಡಬೇಕೆಂಬ ಪ್ರಸ್ತಾವ ಬಂತು. ದನ ಕುರಿಗಳು ಮೇಯುವುದರಿಂದ ಹುಲ್ಲುನೆಲವು ಹಸಿರುಮನೆ ಅನಿಲಗಳನ್ನು ಉಗುಳುತ್ತದೆ, ಅವನ್ನು ಹೊರಗಿಟ್ಟರೆ ಮಣ್ಣಿನಲ್ಲಿ ಇಂಗಾಲ ಭದ್ರವಾಗಿ ಉಳಿಯುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಹಾಗೆ ಹೇಳಿದವರು ಓದಿಕೊಂಡ ಹುಡುಗರು, ಊರಿನ ಮೇಲೆ ಅಕ್ಕರೆಯುಳ್ಳವರು. ಅವರ ಕಾಳಜಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಶುವೈದ್ಯ ಪರೀಕ್ಷಕನಾಗಿ ಕಡೂರು, ಹೊಸದುರ್ಗ, ಹಿರಿಯೂರು ಸೀಮೆಯ ಕಾವಲುಗಳಲ್ಲಿ, ಅಂದರೆ ಮೇವಿಗೆಂದು ಮೀಸಲಿಟ್ಟ ಹುಲ್ಲುಬಯಲುಗಳಲ್ಲಿ, ತಿರುಗಿದ ನನಗೆ, ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿದೆ ಎನ್ನಿಸಿತು. ಉಳಿದರ್ಧವನ್ನು ಸಭೆಯಲ್ಲಿ ಐದು ನಿಮಿಷ ನಿಂತು ಹೇಳಿ ಮುಗಿಸಲಾಗದು. ಇಂಥ ಪ್ರಸ್ತಾವಗಳು ಬೇರೆ ಊರುಗಳಲ್ಲೂ ಬರುವಂಥವೇ ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ದನದ ಬಾಯಿಂದ ಬರುವ ಅನಿಲ ಬೇರೆ, ದನ ಮೇಯ್ದ ನೆಲದಿಂದ ಬರುವ ಅನಿಲ ಬೇರೆ. ಇವೆರಡನ್ನೂ ಒಂದೇ ಲೆಕ್ಕಕ್ಕೆ ಹಾಕುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುವಾಗ ಮೀಥೇನ್ ಹುಟ್ಟಿ, ತೇಗಿನಲ್ಲಿ ಮತ್ತು ಉಸಿರಿನಲ್ಲಿ ಹೊರಬೀಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 27 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳು, ಸುಮಾರು 11 ಕೋಟಿ ಎಮ್ಮೆಗಳು, 7 ಕೋಟಿಗೂ ಮಿಗಿಲಾದ ಕುರಿಗಳು ಇರುವಾಗ ಇದನ್ನು ಸಣ್ಣ ಸಂಗತಿ ಎಂದು ನಾನು ಹೇಳಲಾರೆ. ಆದರೆ ಗೋಮಾಳಕ್ಕೆ ಬೇಲಿ ಹಾಕಿದ ಮಾತ್ರಕ್ಕೆ ದನ ತೇಗುವುದನ್ನು ನಿಲ್ಲಿಸುವುದಿಲ್ಲ. ಅದು ಕೊಟ್ಟಿಗೆಯಲ್ಲಿ ನಿಂತು ಒಣಹುಲ್ಲು ಮೇಯುತ್ತದೆ, ಇಲ್ಲವೇ ಪಕ್ಕದ ಊರಿನ ಗೋಮಾಳಕ್ಕೆ ಹೋಗುತ್ತದೆ. ಎಳೆಯ ಹಸಿರು ಮೇವಿಗಿಂತ ಒರಟು ಹುಲ್ಲು ತಿಂದ ಹಸು, ಕೊಡುವ ಪ್ರತಿ ಲೀಟರ್ ಹಾಲಿಗೆ ಹೆಚ್ಚು ಮೀಥೇನನ್ನೇ ಬಿಡುತ್ತದೆ. ಆದ್ದರಿಂದ ಬೇಲಿಯ ವಿಚಾರದಲ್ಲಿ ನಾವು ಕೇಳಬೇಕಾದ ಪ್ರಶ್ನೆ ನೆಲಕ್ಕೆ ಸಂಬಂಧಿಸಿದ್ದು: ಮೇಯಿಸಿದ ಮಣ್ಣು ಏನನ್ನು ಬಿಡುತ್ತದೆ, ಮೇಯಿಸದ ಮಣ್ಣು ಏನನ್ನು ಬಿಡುತ್ತದೆ?

ಮಣ್ಣೂ ಉಸಿರಾಡುತ್ತದೆ. ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಆ ಉಸಿರಿನ ಬಹುಭಾಗ. ಹುಲ್ಲು ಗಾಳಿಯಿಂದ ಹೀರಿ ಬೇರಿಗೆ ಇಳಿಸಿದ್ದು ಈ ಉಸಿರಿಗಿಂತ ಹೆಚ್ಚಾದರೆ ಮಣ್ಣಿನಲ್ಲಿ ಇಂಗಾಲ ಕೂಡುತ್ತದೆ, ಕಡಿಮೆಯಾದರೆ ಕರಗುತ್ತದೆ. ಮೀಥೇನಿನ ವಿಷಯದಲ್ಲಿ ಒಣಸೀಮೆಯ ಹುಲ್ಲುನೆಲ ನಮಗೆ ಉಪಕಾರಿ. ಗಾಳಿಯಾಡುವ ಸಡಿಲ ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ವಾತಾವರಣದ ಮೀಥೇನನ್ನೇ ಆಹಾರವಾಗಿ ಬಳಸುತ್ತವೆ. ಗೊರಸಿನ ತುಳಿತದಿಂದ ಮಣ್ಣು ಗಟ್ಟಿಯಾದಷ್ಟೂ ಅವುಗಳಿಗೆ ಗಾಳಿ ಸಿಗದೆ ಈ ಕೆಲಸ ಕುಂದುತ್ತದೆ. ಹಾಗೆಂದು, ಹಸು ತೇಗಿದ ಮೀಥೇನನ್ನೆಲ್ಲ ಕಾವಲಿನ ಮಣ್ಣು ನುಂಗಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬಾರದು. ಮಣ್ಣು ಹೀರುವುದು ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಮೂರನೆಯದು ನೈಟ್ರಸ್ ಆಕ್ಸೈಡ್. ನನ್ನ ಅನುಭವದಲ್ಲಿ ಜನ ಅತಿ ಕಡಿಮೆ ಕೇಳಿರುವುದು ಇದರ ಬಗ್ಗೆಯೇ. ಒಂದು ಕಿಲೋ ನೈಟ್ರಸ್ ಆಕ್ಸೈಡ್ 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯನ್ನು ಹಿಡಿದಿಡುತ್ತದೆ, ಮತ್ತು ನೂರು ವರ್ಷಕ್ಕೂ ಮಿಕ್ಕಿ ವಾತಾವರಣದಲ್ಲಿ ಉಳಿಯುತ್ತದೆ. ಮುಂಗಾರಿನ ಎರಡು ಮೂರು ಮಳೆಯಾದ ಮೇಲೆ ಕಾವಲಿನಲ್ಲಿ ನಡೆದು ನೋಡಿದವರಿಗೆ, ತಿಳಿಹಸಿರು ಗರಿಕೆಯ ನಡುವೆ ಅಲ್ಲಲ್ಲಿ ಮೊರದಗಲದ ಕಡುಹಸಿರು ತೇಪೆಗಳು ಕಣ್ಣಿಗೆ ಬಿದ್ದಿರುತ್ತವೆ. ಅವು ಹಸು ಗಂಜಲ ಹಾಕಿದ ಜಾಗಗಳು. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ ಕೊಡಿ ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ಚೆನ್ನಾಗಿ ಮೇಯ್ದ ಹಸುವಿನ ಗಂಜಲ ಬಿದ್ದ ಆ ಮೊರದಗಲದ ನೆಲದಲ್ಲಿ, ಹೆಕ್ಟೇರಿನ ಲೆಕ್ಕಕ್ಕೆ ಹಿಡಿದರೆ, 500 ಕಿಲೋಗೂ ಮೀರಿದ ಸಾರಜನಕ ಒಂದೇ ಸಲಕ್ಕೆ ಬಿದ್ದಿರಬಹುದು. ಅಷ್ಟನ್ನು ಹೀರಿಕೊಳ್ಳುವುದು ಅಲ್ಲಿರುವ ಹುಲ್ಲಿನಿಂದಾಗದು. ಗಂಜಲದಲ್ಲಿ ಉಳಿದ ಯೂರಿಯಾ ಅಮೋನಿಯವಾಗಿ, ಅಮೋನಿಯ ನೈಟ್ರೇಟಾಗಿ, ಮಣ್ಣು ನೀರುಂಡು ಗಾಳಿ ಕಡಿಮೆಯಾದಾಗ ಆ ನೈಟ್ರೇಟಿನ ಒಂದು ಪಾಲು ನೈಟ್ರಸ್ ಆಕ್ಸೈಡಾಗಿ ಮೇಲೇಳುತ್ತದೆ.

ಹಾಗಾದರೆ ಆ ಹುಡುಗರು ಹೇಳಿದ್ದು ಸರಿಯೇ ಆಯಿತಲ್ಲ ಎಂದು ಓದುಗರು ಕೇಳಬಹುದು. ಈ ಇಡೀ ಕ್ರಿಯೆಗೆ ನೀರು ಬೇಕು ಎಂಬುದನ್ನು ಇಲ್ಲಿ ಮರೆಯಬಾರದು. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯು 2006ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮೇಯುವ ದನಗಳ ಸಗಣಿ ಗಂಜಲದಲ್ಲಿರುವ ಸಾರಜನಕದ ಶೇ 2ರಷ್ಟು ನೈಟ್ರಸ್ ಆಕ್ಸೈಡಾಗಿ ಹೋಗುತ್ತದೆ ಎಂದು ಹಿಡಿಯಲಾಗಿತ್ತು. ಬೇರೆ ಬೇರೆ ನಾಡುಗಳ ಅಳತೆಗಳನ್ನು ಕೂಡಿಸಿ ನೋಡಿದ ಮೇಲೆ, 2019ರ ಪರಿಷ್ಕರಣೆಯಲ್ಲಿ ಅದನ್ನು ಸರಾಸರಿ ಶೇ 0.4ಕ್ಕೆ ಇಳಿಸಲಾಯಿತು. ಒದ್ದೆ ಹವೆಯ ನಾಡಿಗೆ ಶೇ 0.6, ಒಣಹವೆಯ ನಾಡಿಗೆ ಶೇ 0.2. ಅಂದರೆ ಒಣಸೀಮೆಗಳ ಮಟ್ಟಿಗೆ ಹಿಂದಿನ ಅಂದಾಜು ಹತ್ತುಪಟ್ಟು ಹೆಚ್ಚಾಗಿತ್ತು ಎಂದಾಯಿತು. ನ್ಯೂಜಿಲೆಂಡಿನ ಸದಾ ತೇವದ ಹುಲ್ಲುಗಾವಲಿನಲ್ಲಿ ಗೊಬ್ಬರ ತಿಂದ ಹುಲ್ಲು ಮೇಯುವ ಹಸುವಿನ ಲೆಕ್ಕವನ್ನು, ವರ್ಷದ ಎಂಟು ತಿಂಗಳು ಬಿರುಕು ಬಿಟ್ಟಿರುವ ಚಳ್ಳಕೆರೆಯ ನೆಲದಲ್ಲಿ ಕರಡ ಮೇಯುವ ಹಸುವಿಗೆ ಹಚ್ಚುವುದು ನ್ಯಾಯವಲ್ಲ.

ಮೇಯುವ ಜಾಗಕ್ಕಿಂತ ನಿಲ್ಲುವ ಜಾಗದ್ದೇ ದೊಡ್ಡ ಸಮಸ್ಯೆ ಎಂದು ನನಗೆ ಅನ್ನಿಸಿರುವುದಕ್ಕೆ ಕಾರಣವಿದೆ. ಕೆನ್ಯಾದಲ್ಲಿ ಪಶುಪಾಲಕರು ರಾತ್ರಿ ದನಗಳನ್ನು ಕೂಡುವ ಬೋಮಾ ಎಂಬ ದೊಡ್ಡಿಗಳ ನೆಲವನ್ನು ವಿಜ್ಞಾನಿಗಳು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುತ್ತಲಿನ ವಿಶಾಲ ಹುಲ್ಲುನೆಲಕ್ಕೆ ಹೋಲಿಸಿದರೆ ಆ ದೊಡ್ಡಿಗಳಿಂದ ಹೊರಡುವ ನೈಟ್ರಸ್ ಆಕ್ಸೈಡ್ ಬಹಳ ಹೆಚ್ಚು. ದೊಡ್ಡಿಯನ್ನು ಬಿಟ್ಟುಹೋಗಿ ದಶಕಗಳಾದ ಮೇಲೂ ಅಲ್ಲಿ ಕೂಡಿಬಿದ್ದ ಗೊಬ್ಬರದಿಂದ ಅನಿಲ ಏಳುತ್ತಲೇ ಇರುತ್ತದೆ. ನೂರು ಚದರ ಮೈಲಿಯಲ್ಲಿ ಮೇಯ್ದ ಸಾರಜನಕವೆಲ್ಲ ಒಂದು ಒಕ್ಕಣೆಯ ಕಣದಷ್ಟು ಜಾಗಕ್ಕೆ ಬಂದು ಬಿದ್ದರೆ ಇನ್ನೇನಾದೀತು? ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಅವರು ಮಂದೆ ತರುಬುವಾಗ, ಇವತ್ತು ಈ ಪಟ್ಟೆಯಾದರೆ ನಾಳೆ ಅದರ ಪಕ್ಕದ ಪಟ್ಟೆ ಎಂದು ಬಲೆಯನ್ನು ದಿನವೂ ಕಿತ್ತು ಮುಂದಕ್ಕೆ ಹೂಡುತ್ತಾರೆ. ಹೊಲದ ಯಜಮಾನ ಅದಕ್ಕೆ ಕಾಳು ಕೊಡುತ್ತಾನೆ, ಇಲ್ಲವೇ ದುಡ್ಡು ಕೊಡುತ್ತಾನೆ. ಹಿಕ್ಕೆಯೂ ಗಂಜಲವೂ ಹೊಲದಗಲಕ್ಕೆ ತೆಳ್ಳಗೆ ಹರಡಿ, ಮುಂದಿನ ಬೆಳೆಗೆ ಸೇರುತ್ತವೆ. ಅನಿಲದ ಲೆಕ್ಕವನ್ನು ಅರಿಯದೆಯೇ ಅವರು ಮಾಡಿಕೊಂಡು ಬಂದ ಈ ಪದ್ಧತಿ, ಸಾರಜನಕವನ್ನು ಒಂದೆಡೆ ಗುಡ್ಡೆಯಾಗಲು ಬಿಡುವುದಿಲ್ಲ. ಕಾವಲುಗಳನ್ನು ಮುಚ್ಚಿ ಮಂದೆಗಳ ದಾರಿಗೆ ಅಡ್ಡ ಹಾಕಿದಾಗ ಕುರಿಗಳು ಕೆರೆಯಂಗಳದಲ್ಲೋ ರಸ್ತೆಯ ಮಗ್ಗುಲಲ್ಲೋ ಕಿಕ್ಕಿರಿದು ವಾರಗಟ್ಟಲೆ ಒಂದೇ ಕಡೆ ನಿಲ್ಲಬೇಕಾಗುತ್ತದೆ. ಅದೂ ಕೆರೆಯಂಗಳದ ತೇವದ ನೆಲದಲ್ಲಿ.

ಬೇಲಿ ಹಾಕಿದರೆ ಅನಿಲ ಇಳಿದೇ ಇಳಿಯುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸಿದ ಒಂದು ಅಧ್ಯಯನ ಚೀನಾದ ಒಳಮಂಗೋಲಿಯದ ಹುಲ್ಲುಬಯಲಿನಲ್ಲಿ ನಡೆದು 2010ರಲ್ಲಿ ಹೊರಬಂತು. ಅಲ್ಲಿ ಮೇಯಿಸದೆ ಬಿಟ್ಟ ಜಾಗದಲ್ಲಿ ಎತ್ತರವಾಗಿ ನಿಂತ ಹುಲ್ಲು ಚಳಿಗಾಲದ ಹಿಮವನ್ನು ಹಿಡಿದಿಟ್ಟುಕೊಂಡಿತು. ಹಿಮದ ಹೊದಿಕೆಯಡಿ ಮಣ್ಣು ಬೆಚ್ಚಗೆ, ತೇವವಾಗಿ ಉಳಿದು, ವಸಂತದಲ್ಲಿ ಹಿಮ ಕರಗುವಾಗ ನೈಟ್ರಸ್ ಆಕ್ಸೈಡ್ ಭರಭರನೆ ಮೇಲೆದ್ದಿತು. ಕುರಿ ಮೇಯ್ದ ಕಡೆ ಹುಲ್ಲು ಗಿಡ್ಡ, ಹಿಮ ತೆಳು, ಅನಿಲವೂ ಕಡಿಮೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಹಾಗಾಗಿ ಈ ಫಲಿತಾಂಶವನ್ನು ಎತ್ತಿ ತಂದು ನಮ್ಮ ಕಾವಲಿಗೆ ಹಚ್ಚಲು ನಾನು ಹೊರಟಿಲ್ಲ. ವರ್ಷದಲ್ಲಿ ಕೆಲವೇ ದಿನ ನಡೆಯುವ ಒಂದು ಘಟನೆ ಇಡೀ ವರ್ಷದ ಲೆಕ್ಕವನ್ನೇ ತಿರುಗಿಸಿಬಿಡಬಹುದು ಎಂಬುದನ್ನು ಅದು ತೋರಿಸುತ್ತದೆ. ನಮ್ಮಲ್ಲಿ ಅಂಥ ಘಟನೆ ಮೊದಲ ಮಳೆ. ತಿಂಗಳುಗಟ್ಟಲೆ ಒಣಗಿದ ಮಣ್ಣಿನ ಮೇಲೆ ನೀರು ಬಿದ್ದೊಡನೆ ಸೂಕ್ಷ್ಮಜೀವಿಗಳು ಒಮ್ಮೆಲೇ ಎಚ್ಚೆತ್ತು, ಕೆಲವೇ ಗಂಟೆಗಳಲ್ಲಿ ಅಪಾರ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಇದನ್ನು 1958ರಲ್ಲಿ ವಿವರಿಸಿದ ಬರ್ಚ್ ಎಂಬ ವಿಜ್ಞಾನಿಯ ಹೆಸರಿನಿಂದಲೇ ಮಣ್ಣುಶಾಸ್ತ್ರದಲ್ಲಿ ಕರೆಯುತ್ತಾರೆ. ಆ ಕೆಲವು ಗಂಟೆ ಕಾವಲಿನಲ್ಲಿ ಅಳೆಯದೆ ವರ್ಷದ ಲೆಕ್ಕ ಹೇಳಲಾಗದು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಕೆಲಸವನ್ನು ಈ ಸಂದರ್ಭದಲ್ಲಿ ಕನ್ನಡಿಗರು ತಿಳಿಯಲೇಬೇಕು. ಅಲ್ಲಿನ ಸುಮಂತ ಬಾಗ್ಚಿ ಮತ್ತು ಅವರ ವಿದ್ಯಾರ್ಥಿಗಳು ಹಿಮಾಚಲದ ಸ್ಪಿತಿ ಕಣಿವೆಯಲ್ಲಿ, ಯಾಕ್, ಕುರಿ, ಮೇಕೆ ಮತ್ತು ಭರಲ್ ಎಂಬ ಕಾಡುಕುರಿ, ಐಬೆಕ್ಸ್ ಎಂಬ ಕಾಡುಮೇಕೆಗಳು ಮೇಯುವ ಎತ್ತರದ ಹುಲ್ಲುನೆಲದಲ್ಲಿ ಕೆಲವು ತುಂಡುಗಳಿಗೆ ಬೇಲಿ ಹಾಕಿ, ಪಕ್ಕದ ತುಂಡುಗಳನ್ನು ಮೇಯಲು ಬಿಟ್ಟು, ಹದಿನಾರು ವರ್ಷ ಮಣ್ಣಿನ ಇಂಗಾಲವನ್ನು ಅಳೆದರು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. ಬೇಲಿಯೊಳಗಿನ ಮಣ್ಣಿನಲ್ಲಿ ಇಂಗಾಲವು ವರ್ಷದಿಂದ ವರ್ಷಕ್ಕೆ ಶೇ 30ರಿಂದ 40ರಷ್ಟು ಹೆಚ್ಚು ಏರುಪೇರಾಗುತ್ತಿತ್ತು. ಮೇಯ್ದ ನೆಲದಲ್ಲಿ ಅದು ಸ್ಥಿರವಾಗಿತ್ತು. ಈ ಏರುಪೇರಿನ ಹಿಂದೆ ಮುಖ್ಯವಾಗಿ ಮಣ್ಣಿನ ಸಾರಜನಕದ ಕೈವಾಡವಿತ್ತು. ಏರುಪೇರು ಎಂದರೆ ಒಂದು ವರ್ಷ ಕೂಡಿದ್ದು ಮತ್ತೊಂದು ವರ್ಷ ಗಾಳಿಗೆ ಹೋಗುವುದು. ಬ್ಯಾಂಕಿನಲ್ಲಿಟ್ಟ ಹಣ ಹಾಗೆ ಏರುಪೇರಾದರೆ ಯಾರೂ ಅದನ್ನು ಉಳಿತಾಯ ಎನ್ನುವುದಿಲ್ಲ.

ಅದೇ ತಂಡ ಮರುವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನ ನನ್ನ ವೃತ್ತಿಯನ್ನೇ ಮುಟ್ಟುವಂಥದು. ಕಾಡುಮೃಗಗಳು ಮೇಯ್ದ ಕಡೆಗಿಂತ ಸಾಕುಪ್ರಾಣಿಗಳು ಮೇಯ್ದ ಕಡೆ ಮಣ್ಣಿನಲ್ಲಿ ಇಂಗಾಲ ಕಡಿಮೆ ಇದ್ದುದನ್ನು ಅವರು ಕಂಡರು. ಕಾರಣ ಹುಡುಕಿದಾಗ, ಜಾನುವಾರುಗಳಿಗೆ ಕೊಡುವ ಟೆಟ್ರಾಸೈಕ್ಲಿನ್‌ನಂಥ ಪ್ರತಿಜೀವಕಗಳು ಸಗಣಿ ಗಂಜಲದ ಮೂಲಕ ಮಣ್ಣಿಗೆ ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳ ಬಾಳನ್ನು ಬದಲಿಸಿ, ಇಂಗಾಲವನ್ನು ಉಳಿಸಿಕೊಳ್ಳುವ ಅವುಗಳ ಶಕ್ತಿಯನ್ನು ಕುಗ್ಗಿಸಿರುವುದು ಕಂಡುಬಂತು. ಕೆಚ್ಚಲು ಬಾವಿಗೂ ಗಾಯಕ್ಕೂ ಜ್ವರಕ್ಕೂ ಆ ಸೂಜಿಯನ್ನು ನಾನೇ ಸಾವಿರಾರು ಸಲ ಚುಚ್ಚಿದ್ದೇನೆ. ರೋಗ ಬಂದ ಪ್ರಾಣಿಗೆ ಕೊಡಲೇಬೇಕಾದ ಔಷಧಿಯನ್ನು ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಬೇಡವಾದಾಗಲೂ ಮಾಲೀಕರ ಒತ್ತಾಯಕ್ಕೆ ಕೊಟ್ಟದ್ದುಂಟು, ಅದನ್ನು ಇಂದು ನೆನೆದರೆ ನೋವಾಗುತ್ತದೆ. ಜಂತುಹುಳುವಿಗೆ ಕೊಡುವ ಐವರ್‌ಮೆಕ್ಟಿನ್ ಕೂಡ ಹಾಗೆಯೇ. ಅದು ಸಗಣಿಯಲ್ಲಿ ಉಳಿದು ಸಗಣಿಹುಳುವಿನ ಮರಿಗಳನ್ನು ಕೊಲ್ಲುತ್ತದೆ. ಕಾವಲಿನಲ್ಲಿ ಬಿದ್ದ ಸಗಣಿಯನ್ನು ಕಡ್ಡಿಯಿಂದ ಮಗುಚಿದರೆ, ಹುಳು ಇರುವ ಕಡೆ ಅದು ಜರಡಿಯಂತೆ ತೂತಾಗಿ, ಅಡಿಯಲ್ಲಿ ಹೊಸಮಣ್ಣಿನ ಗುಪ್ಪೆ ಕಾಣುತ್ತದೆ. ಆ ತೂತುಗಳಿಂದ ಗಾಳಿಯಾಡಿ ಸಗಣಿಯೊಳಗೆ ಮೀಥೇನ್ ಹುಟ್ಟುವುದು ತಗ್ಗುತ್ತದೆ, ಗೊಬ್ಬರ ಮಣ್ಣಿನೊಳಕ್ಕೆ ಇಳಿಯುತ್ತದೆ. ಹುಳು ಸತ್ತ ಕಡೆ ಸಗಣಿ ಹೆಪ್ಪುಗಟ್ಟಿ ಬೆರಣಿಯಂತೆ ನೆಲದ ಮೇಲೇ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ, ಮಿತಿಮೀರಿ ಮೇಯಿಸುವುದನ್ನು ನಾನು ಸಮರ್ಥಿಸುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಚಿಗುರಿದೊಡನೆ ಮತ್ತೆ ಮತ್ತೆ ಕಚ್ಚಿಸಿಕೊಂಡ ಹುಲ್ಲು ಬೇರನ್ನು ಬೆಳೆಸಲಾರದೆ ಸಾಯುತ್ತದೆ, ನೆಲ ಬತ್ತಲಾಗುತ್ತದೆ, ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಅದರೊಂದಿಗೆ ಇಂಗಾಲವೂ ಹೋಯಿತು. ಮೇಯಿಸುವುದರಿಂದ ಮಣ್ಣಿಗೆ ಸೇರುವ ಇಂಗಾಲವು, ಅತ್ಯಂತ ಒಳ್ಳೆಯ ಪರಿಸ್ಥಿತಿಯಲ್ಲೂ, ಮೇಯುವ ಜಾನುವಾರುಗಳು ಹೊರಬಿಡುವ ಅನಿಲಗಳ ಶೇ 20ರಿಂದ 60ರಷ್ಟನ್ನು ಮಾತ್ರ ಸರಿದೂಗಿಸಬಲ್ಲದು ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು 2017ರಲ್ಲಿ ಹೇಳಿದೆ. ಆ ಮಾತನ್ನು ನಾನು ಒಪ್ಪುತ್ತೇನೆ. ಹಿತಮಿತವಾಗಿ ಮೇಯ್ದ ಸಹಜ ಹುಲ್ಲುಗಾವಲುಗಳು ಇಂದಿಗೂ ಭೂಮಿಯನ್ನು ತಂಪಾಗಿಸುತ್ತಿವೆ, ಒತ್ತೊತ್ತಾಗಿ ಜಾನುವಾರು ತುಂಬಿ ಗೊಬ್ಬರ ಸುರಿದ ಹುಲ್ಲುಗಾವಲುಗಳು ಆ ತಂಪನ್ನು ಅಳಿಸಿಹಾಕುತ್ತಿವೆ ಎಂದು 2021ರ ಜಾಗತಿಕ ಅಧ್ಯಯನವೊಂದು ತೋರಿಸಿದೆ. ಎಷ್ಟು ಪ್ರಾಣಿ, ಯಾವ ಕಾಲದಲ್ಲಿ, ಎಷ್ಟು ದಿನ, ರಾತ್ರಿ ಎಲ್ಲಿ ಎಂಬ ನಾಲ್ಕು ಮಾತಿನ ಮೇಲೆ ಎಲ್ಲವೂ ನಿಂತಿದೆ.

ಅದನ್ನು ನಮ್ಮ ಹಿಂದಿನವರು ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ಅರಮನೆಯ ದನಗಳ ಇಲಾಖೆಯಿಂದ ಬಂದು, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಎಂದು ಹೆಸರಾದ ದನಗಳಿಗೆ ಮೀಸಲಾಗಿದ್ದ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳನ್ನು ಒಂದರಿಂದ ಒಂದಕ್ಕೆ ಹೊಡೆಯುತ್ತಿದ್ದರು. ಮೇಯ್ದ ನೆಲಕ್ಕೆ ತಿಂಗಳುಗಟ್ಟಲೆ ಬಿಡುವು ಸಿಗುತ್ತಿತ್ತು. ಇವತ್ತು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಸುತ್ತಮುತ್ತ ಮತ್ತು ಬಯಲುಸೀಮೆಯ ಅಲ್ಲಲ್ಲಿ ಉಳಿದಿರುವುದು ಆ ಕಾವಲುಗಳ ತುಣುಕುಗಳು ಮಾತ್ರ. ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಕಾವಲು ಸಂಶೋಧನೆ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಗೋಮಾಳಗಳ ಕಥೆಯೂ ಬೇರೆಯಲ್ಲ. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿನ ನೆಲ ಕಾಯ್ದಿರಿಸಬೇಕೆಂದು ರಾಜ್ಯದ ಭೂಕಂದಾಯ ನಿಯಮವಿದೆ. ಒತ್ತುವರಿ, ಬಗರ್ ಹುಕುಂ, ನಿವೇಶನ, ಸ್ಮಶಾನ, ಕಸದ ಗುಡ್ಡೆ ಎಂದು ಕರಗಿದ ಮೇಲೆ ಉಳಿದ ನೆಲದಲ್ಲಿ ಇದ್ದ ದನವೆಲ್ಲ ತುಂಬಿಕೊಂಡು ನೆಲ ಸವೆದರೆ, ಅದರ ತಪ್ಪನ್ನು ದನದ ಮೇಲೆ ಹೊರಿಸುವುದು ಸರಿಯೇ? ನಮ್ಮೂರಲ್ಲೇ ಅರ್ಧಕ್ಕೆ ಬೇಲಿ ಹಾಕಿದರೆ, ಉಳಿದರ್ಧದ ಮೇಲೆ ಭಾರ ಇಮ್ಮಡಿಯಾಗುತ್ತದೆ.

ಇನ್ನು ಸಸಿಗಳ ವಿಚಾರ. ಹುಲ್ಲುನೆಲದ ಇಂಗಾಲದ ಬಹುಪಾಲು ನೆಲದ ಕೆಳಗೆ, ಬೇರಿನಲ್ಲಿ ಮತ್ತು ಮಣ್ಣಿನಲ್ಲಿದೆ. ಮೇಲೆ ಒಣಗಿದ ಕರಡ ಮಾತ್ರ ಕಾಣುವುದರಿಂದ ಅದನ್ನು ಬರಡು ಎಂದು ಬರೆದುಕೊಳ್ಳುತ್ತೇವೆ. ಜೆಸಿಬಿಯಿಂದ ಸಾಲುಗುಂಡಿ ತೋಡಿದಾಗ, ಎಷ್ಟೋ ಕಾಲದಿಂದ ಅಲುಗಾಡದ ಆ ಮಣ್ಣು ಗಾಳಿಗೆ ಬಿದ್ದು, ಅದರಲ್ಲಿದ್ದ ಇಂಗಾಲ ಕೊಳೆತು ಹೊರಟುಹೋಗುತ್ತದೆ. ಅಲ್ಲಿ ನೆಟ್ಟ ಅಕೇಶಿಯಾ, ನೀಲಗಿರಿ ಬದುಕಿದರೂ ಅದರ ಇಂಗಾಲ ನೆಲದ ಮೇಲಿರುತ್ತದೆ. ಕಡಿದರೆ ಹೋಯಿತು, ಬೇಸಿಗೆಯ ಬೆಂಕಿ ಬಿದ್ದರೂ ಹೋಯಿತು. ಹುಲ್ಲಿಗೆ ಬೆಂಕಿ ಬಿದ್ದರೆ ಬುಡದಲ್ಲಿ ಮತ್ತೆ ಚಿಗುರುತ್ತದೆ. ಮರ ಬೇಡವೆಂದಲ್ಲ. ಊರ ದಾರಿಗೆ, ಕೆರೆ ಏರಿಯ ಹಿಂದೆ, ಹೊಲದ ಬದುವಿಗೆ ಬೇವು, ಹೊಂಗೆ, ಹುಣಸೆ ನೆಡೋಣ, ನಾನೇ ಗುಂಡಿ ತೋಡಲು ಬರುತ್ತೇನೆ.

ಸರ್ಕಾರಕ್ಕೂ ವಿಶ್ವವಿದ್ಯಾಲಯಗಳಿಗೂ ನನ್ನ ಕೋರಿಕೆ ಇಷ್ಟೇ. ಕಾವಲು ಮತ್ತು ಗೋಮಾಳಗಳ ಮಣ್ಣಿನಿಂದ ಬರುವ ಅನಿಲಗಳನ್ನು ಬಯಲುಸೀಮೆಯಲ್ಲೇ ಅಳೆಯಿರಿ. ಅಳೆಯುವ ಕ್ರಮ ಕಷ್ಟದ್ದಲ್ಲ. ನೆಲದಲ್ಲಿ ಒಂದು ಚೌಕಟ್ಟನ್ನು ಊರಿ, ಅದರ ಮೇಲೆ ಗಾಳಿ ಹೋಗದಂಥ ಡಬ್ಬಿಯನ್ನು ಬೋರಲು ಹಾಕಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು, ಪ್ರಯೋಗಾಲಯದಲ್ಲಿ ಅನಿಲಗಳನ್ನು ಬೇರ್ಪಡಿಸಿ ನೋಡುವುದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ದನದ ಹೊಟ್ಟೆಯ ಮೀಥೇನಿನ ಬಗ್ಗೆ ವರ್ಷಗಳಿಂದ ದುಡಿದು, ಅದನ್ನು ತಗ್ಗಿಸುವ ಮೇವಿನ ಪೂರಕವನ್ನೇ ರೂಪಿಸಿದ್ದಾರೆ. ಅದೇ ಶ್ರದ್ಧೆ ದನದ ಕಾಲಡಿಯ ಮಣ್ಣಿಗೂ ಸಿಗಲಿ. ಮೇಯ್ದ ಜಾಗ, ಬೇಲಿ ಹಾಕಿದ ಜಾಗ, ಗಂಜಲದ ತೇಪೆ, ದೊಡ್ಡಿಯ ನೆಲ, ಅಕೇಶಿಯಾ ತೋಪು, ಐದನ್ನೂ ಕನಿಷ್ಠ ಮೂರು ವರ್ಷ, ಮೊದಲ ಮಳೆಯ ದಿನವನ್ನು ತಪ್ಪಿಸದೆ ನೋಡಬೇಕು. ಊರಿನಲ್ಲಿ ಡಬ್ಬಿ ಕಾಯಲು, ಸಿರಿಂಜು ಹಿಡಿಯಲು ಕಲಿತ ಹುಡುಗರಿದ್ದಾರೆ. ಸಭೆಯಲ್ಲಿ ಬೇಲಿಯ ಮಾತು ತೆಗೆದವರೇ ಆ ಕೆಲಸಕ್ಕೆ ತಕ್ಕವರು. ಹಾಗೆಂದು ಅವರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ ಕೂಡ.

ಅಲ್ಲಿಯವರೆಗೆ ಗೋಮಾಳವನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಸರದಿಯಂತೆ ಬಿಡುವು ಕೊಡುವ ಕಟ್ಟುಪಾಡನ್ನು ಊರವರೇ ಮಾಡಿಕೊಳ್ಳಬಹುದು. ಅದಕ್ಕೆ ತಂತಿ ಬೇಲಿ ಬೇಕಿಲ್ಲ, ಕಾಯುವ ಒಬ್ಬ ಮನುಷ್ಯ ಸಾಕು. ಗುಂಡಿ ತೋಡುವ ಕೆಲಸವನ್ನು ಮುಂಗಾರು ಹಿಡಿದ ಮೇಲೆ ಶುರು ಮಾಡುವುದೆಂದು ನಮ್ಮ ಪಂಚಾಯಿತಿಯಲ್ಲಿ ಗೊತ್ತಾಗಿದೆ. ಅಷ್ಟರೊಳಗೆ ಸಂಬಂಧಪಟ್ಟವರು ಯಾರಾದರೂ ಬಂದು ನಮ್ಮ ಗೋಮಾಳದ ಮಣ್ಣನ್ನು ಒಮ್ಮೆ ನೋಡುವುದಾದರೆ, ಎಲ್ಲಿ ದನ ಮಲಗುತ್ತವೆ, ಎಲ್ಲಿ ಹುಲ್ಲು ಇನ್ನೂ ಗಟ್ಟಿಯಾಗಿ ಬೇರೂರಿದೆ ಎಂಬುದನ್ನು ಜೊತೆಗೆ ನಡೆದು ತೋರಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ ಪರೀಕ್ಷಕ
ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ